ಫೋಟೊಬಾಯಿಯ ಕ್ಯಾಮೆರಾ ನಾನೇ

ನಾನು ಒಂದು ಕ್ಯಾಮೆರಾ. ಸುಮ್ಮನೆ ಕ್ಯಾಮೆರಾ ಅಲ್ಲ ಸ್ವಾಮಿ, ಜರ್ಮನಿಯಲ್ಲಿ ಹುಟ್ಟಿ ಗದಗದಲ್ಲಿ ಮೆರೆದ ಎರಡು ಕಣ್ಣಿನ ಕ್ಯಾಮೆರಾ. ಮೊದಲು ಆ ಮೊಬೈಲನ್ನು ಪಕ್ಕಕ್ಕಿಡಿ. ನನ್ನ ಎಂಟ್ರಿಗೆ ಹಿಂದೆ ಮ್ಯೂಸಿಕ್ ಬರಬೇಕು, ಎರಡು ಜೀಪು ಗಾಳಿಯಲ್ಲಿ ಹಾರಬೇಕು, ಧೂಳಿನ ನಡುವಿನಿಂದ ನಾನು ಸ್ಲೋ ಮೋಷನ್ನಿನಲ್ಲಿ ಬರಬೇಕು. ನಿರ್ಮಾಪಕರು ಸಿಗಲಿಲ್ಲ. ಆದ್ದರಿಂದ ನೀವೇ ಒಂದು ಶಿಳ್ಳೆ ಹೊಡೆದು ಮುಂದೆ ಓದಿ.

ಬೇರೆ ಕ್ಯಾಮೆರಾಗಳನ್ನು ಜನ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ನನ್ನ ಹತ್ತಿರ ಆ ಸಲಿಗೆ ನಡೆಯುವುದಿಲ್ಲ. ಕೊರಳಿಗೆ ಹಾಕಿಕೊಂಡು, ಹೊಟ್ಟೆಯ ಹತ್ತಿರ ಹಿಡಿದು, ನನ್ನ ನೆತ್ತಿಯ ಮುಚ್ಚಳ ತೆರೆದು, ತಲೆ ತಗ್ಗಿಸಿ ಒಳಗೆ ನೋಡಬೇಕು. ಡೈಲಾಗ್ ಬೇಕೇ? ತಗೊಳ್ಳಿ: 'ನನ್ನನ್ನು ಎತ್ತೋಕೆ ಒಂದು ಕೈ ಸಾಕು. ನನ್ನೊಳಗೆ ನೋಡೋಕೆ ಎಂಥವನ ತಲೆಯೂ ಬಾಗಬೇಕು!'

ನಾನು ಹುಟ್ಟಿದ ಊರಿನ ಹೆಸರು ಹೇಳಲು ಹೋದರೆ ನಿಮಗೆ ಸೀನು ಬಂದಂತೆ ಕೇಳಿಸುತ್ತದೆ, ಅದನ್ನು ಬಿಡಿ. ಅಲ್ಲಿ ಬಿಳಿ ಕೋಟು ತೊಟ್ಟ ಹೆಂಗಸರು ಉಸಿರು ತಾಗದಂತೆ ಬಾಯಿ ಕಟ್ಟಿಕೊಂಡು ಗಾಜು ಒರೆಸಿದರು. ಒಂದರ ಕೆಳಗೊಂದು ಎರಡು ಮಸೂರ ಕೂರಿಸಿದರು. ಮೇಲಿನದು ನೋಡುವ ಕಣ್ಣು. ಅದು ಎದುರಿಗಿದ್ದದ್ದನ್ನೆಲ್ಲ ಒಳಗಿನ ಕನ್ನಡಿಗೆ ಕೊಟ್ಟು, ನೆತ್ತಿಯ ಗಾಜಿನ ಮೇಲೆ ಎಡಬಲ ಅದಲುಬದಲು ಮಾಡಿ ತೋರಿಸುತ್ತದೆ. ಕೆಳಗಿನದು ಚಿತ್ರ ಹಿಡಿಯುವ ಕಣ್ಣು. ಅದು ಸದಾ ಮುಚ್ಚಿರುತ್ತದೆ. ಗುಂಡಿ ಒತ್ತಿದಾಗ ಮಾತ್ರ ಫಟ್ಟನೆ ತೆರೆದು, ಹಿಂದೆ ಸುತ್ತಿದ ರೋಲಿನ ಮೇಲೆ ಚೂರು ಬೆಳಕು ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ಒಂದು ಬರೀ ನೋಡುತ್ತದೆ, ಇನ್ನೊಂದು ಬರೀ ನೆನಪಿಡುತ್ತದೆ.

ಕಟ್ ಮಾಡಿದರೆ, ಗದಗ. ಸ್ಟೇಷನ್ ರಸ್ತೆಯ ಒಂದು ಸ್ಟುಡಿಯೋದ ಮಾಲೀಕ ನನ್ನನ್ನು ಮುಂಬೈಯಿಂದ ತರಿಸಿದ. ಆದರೆ ಅವನೆದುರು ಕೂತ ಹೆಂಗಸರೆಲ್ಲ ಫೋಟೊದಲ್ಲಿ ಪೊಲೀಸರು ಹಿಡಿದು ತಂದವರಂತೆ ಕಾಣುತ್ತಿದ್ದರು. ಒಂದು ದಿನ ಅವನ ಮಗಳು ದ್ವಾರಕಾಬಾಯಿ ಕಾಟಿಗರ ನನ್ನನ್ನು ಕೊರಳಿಗೆ ಹಾಕಿಕೊಂಡಳು. ಅಂದಿನಿಂದ ಊರಿಗೆಲ್ಲ ಅವಳು ಫೋಟೊಬಾಯಿ.

ಅವಳು ಏನು ಮಾಡುತ್ತಿದ್ದಳು ಗೊತ್ತೇ? ಏನೂ ಮಾಡುತ್ತಿರಲಿಲ್ಲ. ತಲೆ ತಗ್ಗಿಸಿ ನನ್ನ ನೆತ್ತಿಯೊಳಗೆ ನೋಡುತ್ತಾ ಸುಮ್ಮನೆ ನಿಲ್ಲುತ್ತಿದ್ದಳು. ಎದುರಿಗೆ ಕೂತವಳಿಗೆ ಫೋಟೊಬಾಯಿಯ ಬೈತಲೆ ಮಾತ್ರ ಕಾಣುತ್ತಿತ್ತು. ತನ್ನನ್ನು ಯಾರೂ ದಿಟ್ಟಿಸುತ್ತಿಲ್ಲ ಎಂದು ಗೊತ್ತಾದ ಕೂಡಲೇ ಅವಳ ಭುಜ ಇಳಿಯುತ್ತಿತ್ತು. ಸೆರಗು ಜಗ್ಗುವ ಕೈ ನಿಲ್ಲುತ್ತಿತ್ತು. ಆಮೇಲೆ ಮುಖ ಬರುತ್ತಿತ್ತು. ಅಲ್ಲಿಯತನಕ ಇದ್ದದ್ದು ಬರೀ ಮೂಗು, ಬಾಯಿ, ಪೌಡರು. ಮುಖ ಬರುವುದು ಬೇರೆ. ಬೆಟಗೇರಿಯ ನೇಕಾರ ಹೆಂಗಸೊಬ್ಬಳು ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಬಂದು ಕೂತಿದ್ದಳು. ಅವಳ ಮುಖ ಬಂದ ಆ ಗಳಿಗೆಯಲ್ಲಿ ಸ್ಟುಡಿಯೋದ ಪರದೆಯ ಮೇಲೆ ಬಣ್ಣ ಬಳಿದ ತಾಜಮಹಲು ಗೂಡಂಗಡಿಯಷ್ಟು ಸಣ್ಣದಾಯಿತು. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಸ್ಟುಡಿಯೋದ ಎದುರಿಗೆ ಹಸೀನಾಬಿಯ ಬಳೆ ಅಂಗಡಿ. ಫೋಟೊಬಾಯಿಗೂ ಅವಳಿಗೂ ದಿನಕ್ಕೊಂದು ಜಗಳ, ದಿನಕ್ಕೆರಡು ಚಹಾ. ಫೋಟೊಕ್ಕೆ ಕರೆದರೆ ಮಾತ್ರ ಹಸೀನಾಬಿ ಕೈ ಝಾಡಿಸುತ್ತಿದ್ದಳು.

"ಏ ಹೋಗ ಬೇ! ಗದಗಿನ ಅರ್ಧ ಫೋಟೊದಾಗ ನಾ ತೊಡಿಸಿದ ಬಳಿ ಅದಾವ. ಮ್ಯಾಲೆ ನನ್ನ ಮಾರಿನೂ ಯಾಕ ಬೇಕ?"

ಕಾಲ ಉರುಳಿತು. ಬಣ್ಣದ ಫೋಟೊ ಬಂತು, ಆಮೇಲೆ ಮೊಬೈಲು ಬಂತು. ಸ್ಟುಡಿಯೋ ಇದ್ದ ಜಾಗದಲ್ಲಿ ಪಾನಿಪೂರಿ ಬಂತು. ಫೋಟೊಬಾಯಿಯ ತಮ್ಮನ ಮಗ ಅವಳನ್ನು ಕೇಳದೆ ಕ್ಯಾಮೆರಾವನ್ನು ಹುಬ್ಬಳ್ಳಿಯ ದುರ್ಗದಬೈಲಿನ ಹಳೇ ಸಾಮಾನಿನ ಅಂಗಡಿಗೆ ಹಾಕಿದ. ಇಂಟರ್ವಲ್.

ಈಗ ಎರಡನೇ ಹೀರೋ. ಡಾಕ್ಟರ್ ಗಿರಿಧರ ಇಟಗಿ, ಧಾರವಾಡದ ಹಲ್ಲಿನ ಡಾಕ್ಟರು. ಜರ್ಮನಿಯ ಎರಡು ಕಣ್ಣಿನ ಕ್ಯಾಮೆರಾಗಳನ್ನು ಕೂಡಿಹಾಕುವ ಹುಚ್ಚು ಅವರಿಗೆ. ಹೊಸ ಕ್ಯಾಮೆರಾ ಸಿಕ್ಕರೆ ರೋಗಿಯನ್ನು ಬಾಯಿ ತೆರೆಸಿ ಕೂರಿಸಿ ಒಳಕೋಣೆಗೆ ಓಡುತ್ತಿದ್ದರು. ಬಾಯೊಳಗೆ ನೋಡುವ ಪುಟ್ಟ ಕನ್ನಡಿಯನ್ನೇ ನಮ್ಮ ಹೊಟ್ಟೆಯೊಳಗೆ ತೂರಿಸಿ ಟಾರ್ಚು ಬಿಡುತ್ತಿದ್ದರು. ಫಿಲಂ ತಿರುಗಿಸುವುದು ಗುಂಡಿಯೋ ಹಿಡಿಕೆಯೋ, ಕೆಳಗಿನ ಕಣ್ಣಿನ ಸುತ್ತ ಏನು ಕೊರೆದಿದೆ, ನೆತ್ತಿಯ ನಂಬರು ಯಾವ ಕಾಲದ್ದು ಎಂದು ನೋಡಿ ಜಾತಕ ಬರೆಯುತ್ತಿದ್ದರು.

ಅವರ ಹೆಂಡತಿ ಸುನಂದಾ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು: "ನಮ್ಮನ್ಯಾಗ ಮಂದಿಗಿಂತ ಕಣ್ಣs ಹೆಚ್ಚಾಗ್ಯಾವ. ಹೊರಗ ಆ ಅಜ್ಜ ಬಾಯಿ ತಕ್ಕೊಂಡು ಕುಂತಾನ, ನೊಣ ಹೋದಾವು, ನಡೀರಿ."

ಹಲ್ಲಿನ ಸೆಟ್ಟು ಹಾಕಿಸಿಕೊಳ್ಳಲು ಫೋಟೊಬಾಯಿ ಅಲ್ಲಿಗೆ ಬಂದಳು. ಗೋಡೆಯ ಕಪಾಟು ನೋಡಿ, ಬಾಯಲ್ಲಿ ಹಲ್ಲಿನ ಅಚ್ಚು ತೆಗೆಯುವ ಹಿಟ್ಟು ಇದ್ದಂತೆಯೇ ಏನೋ ಕೂಗಿದಳು. ಹಿಟ್ಟು ತೆಗೆದ ಮೇಲೆ ತಿಳಿಯಿತು: ಇಂಥದೇ ಒಂದು ತನ್ನ ಕೊರಳಲ್ಲಿ ಇತ್ತು, ಅದು ಈಗ ಬೇಕು, ಬೇಗ ಬೇಕು. ಹಸೀನಾಬಿ ಅಂಗಡಿ ಮುಚ್ಚಿ ಸಾಂಗ್ಲಿಯ ಮಗಳ ಮನೆಗೆ ಹೊರಟಿದ್ದಾಳೆ, ಇನ್ನು ತಿರುಗಿ ಬರುವವಳಲ್ಲ. ಕೊನೆಗೆ ಅವಳೇ ಫೋಟೊಕ್ಕೆ ಒಪ್ಪಿದ್ದಾಳೆ.

"ನಾ ಹೋದಮ್ಯಾಗ ನೀ ಯಾರ ಜೋಡಿ ಜಗಳಾಡ್ತಿ? ಒಂದ ಫೋಟೊ ಇರ್ಲಿ. ಆದ್ರ ಮೊಬೈಲ್ ಹಿಡದು ಕಣ್ಣಾಗ ಕಣ್ಣಿಟ್ಟು ನಿಂತೀ ಅಂದ್ರ ಎದ್ದ ಹೋಗ್ತೀನಿ ನೋಡ. ಆ ನಿನ್ನ ಡಬ್ಬಿ ತಾ, ತಲಿ ತಗ್ಗಸ್ಕೊಂಡು ತಗಿ," ಎಂದಿದ್ದಳಂತೆ.

ಫೋಟೊಬಾಯಿಯ ತಮ್ಮನ ಮಗನಿಂದ ವಿಳಾಸ ಪಡೆದು ಡಾಕ್ಟರು ಹುಬ್ಬಳ್ಳಿಗೆ ಓಡಿದರು. ಹಳೇ ಸಾಮಾನಿನ ಅಂಗಡಿಯವನ ಹತ್ತಿರ ಅದೇ ಮಾದರಿಯ ಎರಡು ಕ್ಯಾಮೆರಾ ಇದ್ದವು. ಗದಗದ್ದು ಯಾವುದು ಎಂದು ಅವನಿಗೇ ನೆನಪಿಲ್ಲ. ಎರಡನ್ನೂ ತಂದರು. ಒಂದು ನಾನು: ಮಿರಮಿರ ಮಿಂಚುವ ಕರಿ ಮೈ, ಗೀರಿಲ್ಲದ ಚರ್ಮ. ಇನ್ನೊಂದು ಪಾಪದ ಪ್ರಾಣಿ: ಬಣ್ಣ ಹೋಗಿ ಹಿತ್ತಾಳೆ ಕಾಣುತ್ತಿತ್ತು, ಚರ್ಮ ಎದ್ದಿತ್ತು, ಒಳಗಿನ ಹಲ್ಲಿನ ಚಕ್ರ ಸವೆದು ಫಿಲಂ ತಿರುಗಿಸುವ ಗುಂಡಿ ಜಾಮ್ ಆಗಿತ್ತು. ಡಾಕ್ಟರು ಒಂದೇ ನೋಟಕ್ಕೆ ತೀರ್ಪು ಕೊಟ್ಟರು.

"ಸುನಂದಾ, ಇದs ಬಾಯಿಯವರದು! ಎಷ್ಟ್ ಜ್ವಾಕಿ ಮಾಡ್ಯಾರ ನೋಡು. ಆ ಇನ್ನೊಂದನ್ನ ಪಾರ್ಟ್ಸಿಗೆ ಇಡೋಣು."

ಪಾರ್ಟ್ಸಿಗೆ ಇಡುವುದು ಎಂದರೆ ನಮ್ಮ ಭಾಷೆಯಲ್ಲಿ ಗಲ್ಲು. ಸ್ಕ್ರೂ ಸ್ಕ್ರೂ ಬಿಚ್ಚಿ ಬೇರೆಯವರಿಗೆ ಹಂಚುತ್ತಾರೆ. ನಾನು ಪಕ್ಕದವನ ಕಡೆ ನೋಡಲಿಲ್ಲ. ನಾನೇಕೆ ನೋಡಲಿ? ಮಿಂಚುವವನು ನಾನು.

ಹೊಸ ಹಲ್ಲಿನ ಸೆಟ್ಟು ಹಾಕಿಕೊಂಡು ಫೋಟೊಬಾಯಿ ಮತ್ತೆ ಬಂದಳು. ಡಾಕ್ಟರು ನನ್ನನ್ನು ಎರಡೂ ಕೈಯಿಂದ ಎತ್ತಿ ಕೊಟ್ಟರು. ಅವಳು ಕೊರಳಿಗೆ ಹಾಕಿಕೊಂಡು ತಲೆ ತಗ್ಗಿಸಿದಳು. ಅವಳ ಉಸಿರು ನನ್ನ ನೆತ್ತಿಯ ಗಾಜಿಗೆ ತಾಗಿತು. ಅವಳ ಹೆಬ್ಬೆರಳು ನನ್ನ ಮೈಮೇಲೆ ಅಲ್ಲಿಷ್ಟು ಇಲ್ಲಿಷ್ಟು ಹುಡುಕಾಡಿತು.

"ಚಂದ ಐತಿ," ಎಂದಳು. "ಆದ್ರ ಇದನ್ನ ಯಾರೂ ದುಡಿಸಿಲ್ಲ. ಹೊಸಾ ಚಪ್ಲಿಗತೆ ಕಡೀತೈತಿ."

ಆಮೇಲೆ ಪಕ್ಕದ್ದನ್ನು ಎತ್ತಿಕೊಂಡಳು. ಹಿತ್ತಾಳೆ ಕಾಣುವಲ್ಲಿ ಅವಳ ಹೆಬ್ಬೆರಳು ತಾನಾಗಿ ಹೋಗಿ ಕೂತಿತು. ಚರ್ಮ ಸವೆದಲ್ಲಿ ಅವಳ ಅಂಗೈ ತುಂಬಿತು. ಅವಳು ಸವೆಸಿದ ಜಾಗಕ್ಕೆ ಅವಳೇ ಮರಳಿ ಬಂದಿದ್ದಳು. ಡಾಕ್ಟರು ಕೈಯಲ್ಲಿದ್ದ ಟಾರ್ಚನ್ನು ಆರಿಸಿದರು.

"ಇದ ನಂದು," ಎಂದಳು ಫೋಟೊಬಾಯಿ.

ಸರಿ, ಸಿಕ್ಕಿಬಿದ್ದೆ. ಹೊಡೆಯಬೇಡಿ. ಗದಗದ ಸ್ಟುಡಿಯೋ, ನೇಕಾರ ಹೆಂಗಸು, ಹಸೀನಾಬಿಯ ಜಗಳ, ಎಲ್ಲ ಅದರ ಕಥೆ. ಹಳೇ ಸಾಮಾನಿನ ಅಂಗಡಿಯ ಒಂದೇ ಹಲಗೆಯ ಮೇಲೆ ಕೂತಾಗ ಅದು ನನಗೆ ಹೇಳಿತ್ತು. ಕೇಳಿ ಕೇಳಿ ನಾನು ಅದನ್ನು ನನ್ನದು ಮಾಡಿಕೊಂಡೆ. ನನ್ನದೇನಿತ್ತು ಹೇಳಲು? ಸಕ್ಕರೆ ಕಾರ್ಖಾನೆಯ ಎಂಜಿನಿಯರ್ ವಾಮನರಾವ ಗಲಗಲಿ ಜರ್ಮನಿಗೆ ಹೋದಾಗ ನನ್ನನ್ನು ಕೊಂಡರು. ಒಂದು ರೋಲು ಹಾಕಿದರು. ಅದನ್ನೂ ತೊಳೆಸಲಿಲ್ಲ. "ಮುಟ್ಟಬ್ಯಾಡ್ರಿ, ಫಾರಿನ್ನಿಂದು!" ಎನ್ನುತ್ತಾ ಚರ್ಮದ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿಟ್ಟರು. ಅವರ ಆಯುಷ್ಯವಿಡೀ ನಾನು ಕೇಳಿದ್ದು ಆ ಎರಡೇ ಮಾತು. ಅವರು ತೀರಿದ ಮೇಲೆ ಟ್ರಂಕಿನ ಸಮೇತ ಆ ಅಂಗಡಿಗೆ ಬಂದೆ. ಹೊರಗಿನಿಂದ ಮಿಂಚಿದೆ. ಒಳಗೆ ಆ ಚರ್ಮದ ತೇವಕ್ಕೆ ನನ್ನ ಕೆಳಗಿನ ಕಣ್ಣಿನ ತುಂಬ ಬೂಷ್ಟು ಹಬ್ಬಿತು.

ಡಾಕ್ಟರು ಕನ್ನಡಿ ಹಿಡಿದು ಮತ್ತೆ ಪರೀಕ್ಷೆ ಮಾಡಿದರು. ಫೋಟೊಬಾಯಿಯ ಕ್ಯಾಮೆರಾದ ಮೈ ಮುಗಿದಿತ್ತು, ಚಕ್ರ ಬದಲಿಸಿದರೂ ತಿರುಗುವಂತಿರಲಿಲ್ಲ. ಆದರೆ ದಿನವೂ ಬೆಳಕು ಕಂಡ ಅದರ ಕೆಳಗಿನ ಕಣ್ಣು ತಿಳಿನೀರಿನಂತಿತ್ತು. ನನ್ನ ಮೈ ಗಟ್ಟಿ, ಕಣ್ಣು ಕುರುಡು.

"ಹಂಗಾರ ಅದರ ಕಣ್ಣು ತಗದು ಇದಕ್ಕ ಹಾಕ್ರಿ," ಎಂದಳು ಫೋಟೊಬಾಯಿ.

ಡಾಕ್ಟರು ಹೌಹಾರಿದರು. "ಏನ್ ಅಂತೀರಿ ಬಾಯಾರs! ಒರಿಜಿನಲ್ ಐತಿ ಅದು. ಒಂದ್ ಸ್ಕ್ರೂ ಬದಲಾದ್ರೂ ಒರಿಜಿನಲ್ ಅಲ್ಲ. ನಿಮ್ಮ ಜೀವಮಾನದ ಕ್ಯಾಮೆರಾ, ಹಿಂಗs ಕಪಾಟದಾಗ ಇಡೋಣು."

"ಈ ಹಲ್ಲಿನ ಸೆಟ್ ಹಾಕಿದವರು ನೀವs ಹೌದಲ್ಲೋ?"

"ಹೌದ್ರಿ."

"ಒರಿಜಿನಲ್ ಏನಿದು?"

"ಅಲ್ಲ..."

"ಚುರಮರಿ ತಿಂತೀನೋ ಇಲ್ಲೋ? ಹಾಕ್ರಿ ಸುಮ್ನ. ಪೂಜಾ ಮಾಡಾಕ ಬೇಕಾಗಿಲ್ಲ ನನಗ ಅದು. ಹಸೀನಾ ಹೊಂಟಾಳ."

ಸುನಂದಾ ಸೆರಗು ಬಾಯಿಗೊತ್ತಿ ನಗು ತಡೆದರು. ಡಾಕ್ಟರು ಸ್ಕ್ರೂಡ್ರೈವರು ಹುಡುಕತೊಡಗಿದರು.

ಆಪರೇಷನ್ ಶುರುವಾಯಿತು. ಕೆಂಪು ಬಲ್ಬು, ಹೊರಗೆ ಅಳುವ ಬಂಧುಗಳು, ಅದ್ಯಾವುದೂ ಇರಲಿಲ್ಲ. ಒಬ್ಬ ಹಲ್ಲಿನ ಡಾಕ್ಟರು ಮೊಣಕೈಯನ್ನು ಮೇಜಿಗೆ ಆನಿಸಿಕೊಂಡು ಅದರ ಕಣ್ಣು ಬಿಚ್ಚಿದರು. ಬಿಚ್ಚುವ ಮೊದಲು ಬೆರಳಿನಿಂದ ಅದರ ಮೈ ಒಮ್ಮೆ ಸವರಿದ್ದನ್ನು ನಾನು ನೋಡಿದೆ. ಆಮೇಲೆ ಆ ಕಣ್ಣು ನನ್ನೊಳಗೆ ಬಂತು. ಮೇಲಿನ ಕಣ್ಣೂ ಕೆಳಗಿನ ಕಣ್ಣೂ ಒಂದೇ ಕಡೆ ನೋಡುವಂತೆ ಡಾಕ್ಟರು ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ಸರಿಸುತ್ತಾ ಕೂತರು. ಅಂದು ಅವರು ಯಾರ ಹಲ್ಲನ್ನೂ ಕೀಳಲಿಲ್ಲ.

ಹಸೀನಾಬಿ ಖಾಲಿಯಾದ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಕೈತುಂಬ ಹಸಿರು ಬಳೆ. ಫೋಟೊಬಾಯಿ ನನ್ನನ್ನು ಹೊಟ್ಟೆಗೆ ಆನಿಸಿಕೊಂಡು ತಲೆ ತಗ್ಗಿಸಿದಳು.

"ಲಗೂ ತಗಿ, ಬಸ್ ತಪ್ಪತೈತಿ."

"ಬಾಯಿ ಮುಚ್ಚs."

"ನೀ ಮುಚ್ಚs."

ಫೋಟೊಬಾಯಿ ಕಾಯುತ್ತಾ ನಿಂತಳು. ನನ್ನ ಮೇಲಿನ ಕಣ್ಣಿಗೆ ಎಲ್ಲ ಕಾಣುತ್ತಿತ್ತು. ಹಸೀನಾಬಿಯ ಭುಜ ಇಳಿಯಿತು. ಬಳೆ ಸದ್ದು ನಿಂತಿತು. ಕೇಳಿದ ಕಥೆಯಲ್ಲಿ ಮಾತ್ರ ನನಗೆ ಗೊತ್ತಿದ್ದದ್ದು ಅಲ್ಲಿ, ಆ ಮೆಟ್ಟಿಲ ಮೇಲೆ, ನನ್ನ ಕಣ್ಣೆದುರೇ ಬಂತು. ಮುಖ. ಅದಕ್ಕೆ ಯಾವ ಡೈಲಾಗೂ ನನಗೆ ನೆನಪಾಗಲಿಲ್ಲ. ಫೋಟೊಬಾಯಿ ಗುಂಡಿ ಒತ್ತಿದಳು.

ಈಗ ನಾನು ಅವಳ ಕಿಟಕಿಯ ಪಕ್ಕದ ಗೂಡಿನಲ್ಲಿದ್ದೇನೆ. ಎದುರು ಗೋಡೆಯ ಮೇಲೆ ಹಸೀನಾಬಿ. ನೋಡಿದವರು ಒಂದು ಗಳಿಗೆ ನಿಂತೇ ಮುಂದೆ ಹೋಗುತ್ತಾರೆ. "ಯಾವ ಕ್ಯಾಮೆರಾದಾಗ ತಗದಿದ್ದು?" ಎಂದು ಕೇಳುತ್ತಾರೆ. ಫೋಟೊಬಾಯಿ ನನ್ನ ಕಡೆ ಕೈ ತೋರಿಸುತ್ತಾಳೆ. ಬಾಯಿ ಇದ್ದಿದ್ದರೆ ನಾನು ಅಲ್ಲಿಯೂ ಎದೆಯುಬ್ಬಿಸಿ 'ನಾನೇ!' ಎನ್ನುತ್ತಿದ್ದೆ. ಆದರೆ ನಿಜವಾಗಿ ಆದದ್ದು ಇಷ್ಟು. ಕಾದು ನಿಂತವಳು ಫೋಟೊಬಾಯಿ. ಹಸೀನಾಬಿಯನ್ನು ಹಿಡಿದಿಟ್ಟದ್ದು ಆ ಸವೆದವನ ಕಣ್ಣು. ನಾನು ಅಷ್ಟು ಹೊತ್ತು ರೋಲಿಗೆ ಬೇಕಾದ ಒಂದಿಷ್ಟು ಕತ್ತಲೆಯನ್ನು ನನ್ನೊಳಗೆ ಚೆಲ್ಲದಂತೆ ಹಿಡಿದುಕೊಂಡು, ಅಲುಗಾಡದೆ ಇದ್ದೆ.