ಹೆಸರಲ್ಲಿ ಹುಲ್ಲು, ಅಟ್ಟೆಯಲ್ಲಿ ಸೆಣಬು

ಷಿಕಾಗೋದ ಆ ಚಿಕ್ಕ ಪರೀಕ್ಷಾಲಯದಲ್ಲಿ ಕೌಸಲ್ಯಾ ಕೆಲಸಕ್ಕೆ ಸೇರಿ ಐದು ವಾರವಾಗಿತ್ತು. ಸೇರಿಸಿದವರು ಧಾರವಾಡದ ಕಲ್ಲಿನಾಥ. ಮೂರು ವರ್ಷದಿಂದ ಅಲ್ಲಿ ನಾರು, ಬಟ್ಟೆ ಪರೀಕ್ಷಿಸುತ್ತಿದ್ದರು. ೧೯೭೪ರ ಮಾರ್ಚ್‌ನ ಆ ಶುಕ್ರವಾರ, ಅವರೇ ಸಹಿ ಹಾಕಿದ ವರದಿ ತಪ್ಪೆಂದು ಅವಳಿಗೆ ಖಚಿತವಾಗಿತ್ತು.

ಒಂದು ಅಂಗಡಿಯವರು ಬೇಸಗೆಗೆಂದು ಸ್ಪೇನಿನಿಂದ ಎಸ್ಪಡ್ರಿಲ್ ಎಂಬ ಜೋಡುಗಳನ್ನು ತರಿಸಿದ್ದರು. ಮೇಲೆ ಕ್ಯಾನ್ವಾಸು, ಕೆಳಗೆ ಸುತ್ತಿ ಹೊಲಿದ ಹಗ್ಗದ ಅಟ್ಟೆ. ಹಗ್ಗ ಎಸ್ಪಾರ್ಟೊ ಹುಲ್ಲಿನದು ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಅದು ನಿಜವೆಂದು ಕಲ್ಲಿನಾಥ ಬರೆದಿದ್ದರು. ತಾಳೆ ನೋಡಿ ಹಾಕಬೇಕಾದ ಎರಡನೇ ಸಹಿ, ಕೌಸಲ್ಯಾಳದು, ಬಾಕಿ. ಮೂರಕ್ಕೆ ಅಂಗಡಿಯವರು ಬರುವವರಿದ್ದರು, ಆಗಲೇ ಎರಡೂವರೆ.

ಹಗ್ಗ ನೆನೆಸಿದಾಗಲೇ ಗೋಣಿಚೀಲದ ವಾಸನೆ ಬಡಿದಿತ್ತು. ಸೂಕ್ಷ್ಮದರ್ಶಕದಲ್ಲೂ ಎಸ್ಪಾರ್ಟೊದ ಗುರುತು ಒಂದೂ ಸಿಗಲಿಲ್ಲ.

"ಸರ್, ಇದು ಸೆಣಬು."

ಕಲ್ಲಿನಾಥ ಪೆನ್ನು ಮುಂದೆ ಸರಿಸಿದರು. "ಎಸ್ಪಡ್ರಿಲ್ ಅನ್ನೋ ಹೆಸರ ಎಸ್ಪಾರ್ಟೊದಿಂದ ಬಂದದ್ದು. ಡಿಕ್ಷನರ್‍ಯಾಗ ನೋಡೀನಿ. ಸುಮ್ನ ಸೈನ್ ಮಾಡ್ರಿ."

"ಎಣ್ಣೆ ಅನ್ನೋ ಮಾತೂ ಎಳ್ಳಿನಿಂದಲೇ ಬಂದಿದ್ದು ಸರ್. ಹಾಗಂತ ಕಡಲೆಕಾಯಿ ಎಣ್ಣೇಲಿ ಎಳ್ಳಿರುತ್ತಾ? ನೀವು ಸ್ಲೈಡ್ ನೋಡಿದ್ರಾ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಟೈಮ್ ಇರಲಿಲ್ಲ. ನನ್ನ ಗ್ರೀನ್ ಕಾರ್ಡಿಗೆ ನಮ್ಮ ಯಜಮಾನ್ರ ಅಪ್ಲೈ ಮಾಡ್ಯಾರ. ನೋಡದ ಬರದೀನಿ ಅಂತ ಈಗ ಹೇಳ್ಲೇನು?"

ಈ ಮನುಷ್ಯನ ಶಿಫಾರಸಿಲ್ಲದಿದ್ದರೆ ತಾನೂ ಇಲ್ಲಿರುತ್ತಿರಲಿಲ್ಲ. ಆದರೂ ಕೌಸಲ್ಯಾ ಪೆನ್ನು ಮುಟ್ಟಲಿಲ್ಲ.

"ಒಂದ್ಸಲ ನೋಡಿ ಸರ್. ಆಮೇಲೆ ಬೈಯಿರಿ."

ಕಲ್ಲಿನಾಥ ಬಗ್ಗಿ ಕಣ್ಣಿಟ್ಟರು. ಸ್ಲೈಡನ್ನು ಅತ್ತಿತ್ತ ಸರಿಸಿದರು, ಮತ್ತೊಂದು ಹಾಕಿ ನೋಡಿದರು. ಮೂರಕ್ಕೆ ಹತ್ತು ನಿಮಿಷವಿರುವಾಗ ಎದ್ದು, ವರದಿ ಹಿಡಿದು ಯಜಮಾನನ ಕೋಣೆಗೆ ಹೋದರು. ಗಾಜಿನಾಚೆ ಯಜಮಾನ ಕುರ್ಚಿಯಿಂದೆದ್ದು ನಿಂತದ್ದು ಕಂಡಿತು. ಮಾತು ಕೇಳಿಸಲಿಲ್ಲ. ಕೌಸಲ್ಯಾ ಮೇಜಿನ ಅಂಚು ಹಿಡಿದು ಕುಳಿತಳು.

ಹೊರಬಂದಾಗ ಕಲ್ಲಿನಾಥರ ಮುಖ ಬಿಳಿಚಿತ್ತು. "ನೋಡದ ಬರದೀನಿ ಅಂತ ಹೇಳಿದೆ. ಕೆಲಸ ಉಳೀತು. ಆದ್ರ ಹಿಂದಿನ ಒಂದು ತಿಂಗಳಿನ ನನ್ನ ರಿಪೋರ್ಟೆಲ್ಲಾ ಮತ್ತ ಟೆಸ್ಟ್ ಆಗಬೇಕಂತ. ನಿಮ್ಮ ಕೈಲೆ."

ಸೆಣಬು ಎಂದು ಅವಳು ಹೊಸ ವರದಿ ಬರೆದಳು. ಕೆಳಗೆ ಅವರೂ ಸಹಿ ಹಾಕಿದರು. ಅಂಗಡಿಯವರು ಡಬ್ಬಿಗಳಿಗೆ ಬೇರೆ ಚೀಟಿ ಅಂಟಿಸಿದರು. ಜೋಡುಗಳು ಆ ಬೇಸಗೆಯಲ್ಲಿ ಚೆನ್ನಾಗಿಯೇ ಮಾರಾಟವಾದವು. ಮರುವರ್ಷ ಕಲ್ಲಿನಾಥರಿಗೆ ಗ್ರೀನ್ ಕಾರ್ಡೂ ಬಂತು. ಅಲ್ಲಿಯವರೆಗೆ ಅವರು ಕೌಸಲ್ಯಾಳೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.