ಖಾಲಿ ಫ್ಲ್ಯಾಶು

ವಾಲ್ನಟ್ ಕ್ರೀಕಿನ ಸ್ಟುಡಿಯೋದವನು ಬೆಳಕು ನುಸುಳದ ಕಪ್ಪು ಚೀಲದೊಳಗೆ ಕೈಯಾಡಿಸಿ, ಕ್ಯಾಮೆರಾವನ್ನು ಹೊರತೆಗೆದು ಉಮಾಶ್ರೀಯ ಮುಂದಿಟ್ಟ. ಅದರಲ್ಲಿ ಫಿಲ್ಮ್ ರೋಲೇ ಇರಲಿಲ್ಲ.

ಅವಳಪ್ಪ ವಿರುಪಾಕ್ಷಪ್ಪ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಹುಬ್ಬಳ್ಳಿಯವರು. ಸರ್ಕಾರಿ ಫೋಟೋಗ್ರಾಫರ್ ಆಗಿ ಜೀವಮಾನವೆಲ್ಲ ಮುಖ್ಯಮಂತ್ರಿಗಳ ಬೆನ್ನು ಹತ್ತಿ ತಿರುಗಿದವರು. ಪ್ರಮಾಣವಚನ, ಅಡಿಗಲ್ಲು, ಶವಯಾತ್ರೆ, ಅವರು ತೆಗೆದ ಚಿತ್ರಗಳು ಇಂದಿಗೂ ಪುಸ್ತಕಗಳಲ್ಲಿವೆ. ಕೆಳಗೆ ಇಲಾಖೆಯ ಹೆಸರು ಮಾತ್ರ. ಮನೆಯವರ ಫೋಟೋ ತೆಗೆಯಲು ಪುರುಸೊತ್ತೇ ಆಗಲಿಲ್ಲ. ಮನೆಯವರ ಜೊತೆ ತಾವು ನಿಂತದ್ದಂತೂ ಒಂದೂ ಇಲ್ಲ.

ಆ ಕೊನೆಯ ಭಾನುವಾರ ಎವರ್‌ಗ್ರೀನ್‌ನ ಮಗಳ ಮನೆಯಲ್ಲಿ ತಾವಾಗಿಯೇ ಹಾಸಿಗೆಯಿಂದ ಎದ್ದು ಬಂದು, "ಎಲ್ಲಾರೂ ಸೋಫಾದ ಮ್ಯಾಲೆ ಕೂಡ್ರಿ" ಅಂದಿದ್ದರು. ಅವಳ ಗಂಡ ಅಜಯ ಫೋನು ತೆಗೆದರೆ ಗದರಿದರು.

"ಒಳಗಿಡ್ರಿ ಅಳಿಯಂದ್ರ. ಒಂದು ಸಭಾಕ್ಕ ಒಬ್ಬನ ಫೋಟೋಗ್ರಾಫರ್."

"ಅಪ್ಪಾ, ರೋಲ್ ಹಾಕಿದೀರಾ?" ಉಮಾಶ್ರೀ ಕೇಳಿದಳು.

"ನನಗ ಕೇಳ್ತೀಯೇನ? ಮುಖ್ಯಮಂತ್ರಿನೂ ಕೇಳಿದ್ದಿಲ್ಲ ಬಿಡು."

ಟೈಮರ್ ಒತ್ತಿ, ಗೋಡೆ ಹಿಡಿದುಕೊಂಡು ಬಂದು, ಮೊಮ್ಮಗಳು ಸ್ನೇಹಲ್‌ಳ ಪಕ್ಕ ಕೂತರು. "ಅಜ್ಜಾ, ಫಾಸ್ಟ್, ಫಾಸ್ಟ್" ಎಂದು ಅವಳು ನಗುತ್ತಿದ್ದಳು. ಫ್ಲ್ಯಾಶು ಹೊಳೆಯಿತು.

"ಹಿಂದಿನ ಬಾಗ್ಲಾ ತೆಗೀಬ್ಯಾಡ," ಎಂದು ಮಗಳ ಕೈಗೆ ಕ್ಯಾಮೆರಾ ಕೊಟ್ಟಿದ್ದರು. "ಬೆಳಕು ಬಿದ್ರ ಎಲ್ಲಾ ಹೋತು."

ಸ್ಟುಡಿಯೋದಿಂದ ಹೊರಬಂದು ಕಾರಿನಲ್ಲಿ ಕೂತಾಗ ಅವಳಿಗೆ ಖಾಲಿ ಫ್ಲ್ಯಾಶಿನ ನೆನಪಾಯಿತು. ಊಟಕ್ಕೆ ಕೂತಾಗಲೆಲ್ಲ ಅಪ್ಪ ನಕ್ಕು ನಕ್ಕು ಹೇಳುತ್ತಿದ್ದ ಕಥೆ ಅದು. ಮುಖ್ಯಮಂತ್ರಿಯ ಪಕ್ಕ ನುಗ್ಗುವ ಪುಢಾರಿಗಳಿಗೆಲ್ಲ ಸರ್ಕಾರದ ರೋಲು ಸುಡಲಾದೀತೇ? ರೋಲಿಲ್ಲದ ಇನ್ನೊಂದು ಕ್ಯಾಮೆರಾ ಹಿಡಿದು ಫ್ಲ್ಯಾಶು ಹೊಡೆದರಾಯಿತು, ಅವರೂ ಖುಷಿ. ಆಮೇಲೆ ಫೋಟೋ ಕೇಳಿದರೆ ಉತ್ತರ ಸಿದ್ಧವಿತ್ತು: "ಪ್ರಿಂಟಿಗೆ ಹಾಕೀನ್ರಿ ಸಾಹೇಬ್ರ, ಬರ್ತೈತಿ."

ನಮ್ಮನ್ನೂ ಆ ಪುಢಾರಿಗಳ ಸಾಲಿಗೆ ಸೇರಿಸಿಬಿಟ್ಟಿರಾ ಅಪ್ಪಾ? ಫ್ರೀವೇ ಉದ್ದಕ್ಕೂ ಸಿಟ್ಟು ಇಳಿಯಲಿಲ್ಲ.

ಮನೆಗೆ ಬಂದವಳೇ ಅಪ್ಪನ ಕೋಣೆಗೆ ಹೋಗಿ ಕ್ಯಾಮೆರಾ ಚೀಲ ಸುರುವಿದಳು. ಅವಳೇ ತಂದುಕೊಟ್ಟಿದ್ದ ರೋಲು ತಳದಲ್ಲಿತ್ತು. ಅದರ ತುದಿ ಸುಕ್ಕುಸುಕ್ಕಾಗಿ, ಅಂಚಿನ ತೂತುಗಳು ಹರಿದು, ಮತ್ತೆ ಮತ್ತೆ ಸಿಕ್ಕಿಸಲು ಹೆಣಗಿದ ಗುರುತು ಎದ್ದು ಕಾಣುತ್ತಿತ್ತು. ಚಹದ ಲೋಟ ಹಿಡಿಯಲೂ ಆಗದಂತೆ ನಡುಗುತ್ತಿದ್ದ ಅಪ್ಪನ ಬೆರಳುಗಳು. ಆ ಭಾನುವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಅಷ್ಟು ಹೊತ್ತು ಒಳಗೇ ಇದ್ದರಲ್ಲ. ಅವಳು ಹೊರಗೆ ವಾರದ ಬಟ್ಟೆ ಮಡಿಸುತ್ತಿದ್ದಳು. ಒಂದು ಸಲ ಕರೆದಿದ್ದರೆ ಹಾಕಿಕೊಡುತ್ತಿದ್ದಳು. ಅವರು ಕರೆಯಲಿಲ್ಲ. ಅವಳೂ ಬಾಗಿಲು ತಟ್ಟಲಿಲ್ಲ.

ಸ್ನೇಹಲ್ ಬಾಗಿಲಲ್ಲಿ ಬಂದು ನಿಂತಳು. ಫ್ರಿಜ್ಜಿನ ಮೇಲಿದ್ದ ಶಾಲೆಯ ಕಾಗದಗಳನ್ನೆಲ್ಲ ತೆಗೆದು ಅವಳು ಆಗಲೇ ಫೋಟೋಗೆ ಜಾಗ ಮಾಡಿಟ್ಟಿದ್ದಳು.

"ಅಮ್ಮಾ, ಡಿಡ್ ಇಟ್ ಕಮ್? ಅಜ್ಜಂದು, ನಂದು?"

ಉಮಾಶ್ರೀ ರೋಲನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ಪ್ರಿಂಟಿಗೆ ಹಾಕೀನಿ ಪುಟ್ಟಾ," ಅಂದಳು. "ಬರ್ತೈತಿ."