ಕೋಲ್ಡ್ ಸ್ಟೋರೇಜಿನ ಬಾಗಿಲು ಬಡಿದವಳು

ಜ್ವರ ಬಿಟ್ಟು ಅಂದಷ್ಟೇ ಕೆಲಸಕ್ಕೆ ಮರಳಿದ್ದೆ. ಟೀ ಹೊತ್ತಿನಲ್ಲಿ ಮೇಸ್ತ್ರಿ ಹೊಸದಾಗಿ ಸೇರಿದ ಹೆಂಗಸಿಗೆ ನಮ್ಮ ಕೋಲ್ಡ್ ಸ್ಟೋರೇಜಿನ ದೆವ್ವದ ಕಥೆ ಶುರುಮಾಡಿದ.

"ನೋಡಮ್ಮ, ಒಳಗಿಂದ ಯಾರಾದ್ರೂ ಬಾಗಿಲು ಬಡಿದ್ರೆ ತೆಗೀಬೇಡ. ಹೋದ ವಾರ ನಾನೇ ಕಿವಿಯಾರೆ ಕೇಳಿದೀನಿ. ಹೆಣ್ಣಿನ ದನಿ! ಎದ್ದೆನೋ ಬಿದ್ದೆನೋ ಅಂತ ಓಡಿಬಂದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಲೋಟ ಕುಕ್ಕಿದೆ.

"ಆ ದೆವ್ವ ನಾನೇ ಕಣಣ್ಣ!"

ಅವತ್ತು ಒಳಗೆ ಸೇಬಿನ ಪೆಟ್ಟಿಗೆ ಜೋಡಿಸುತ್ತಿದ್ದಾಗ ಬಾಗಿಲು ಮುಚ್ಚಿಕೊಂಡಿತ್ತು. ಅದಕ್ಕೆ ಒಳಗಡೆ ಹಿಡಿಯೇ ಇಲ್ಲ. ಕೈ ಮರಗಟ್ಟುವವರೆಗೆ ಬಡಿದೆ, "ಮೇಸ್ತ್ರಣ್ಣಾ" ಅಂತಲೇ ಕೂಗಿದೆ. ಹೊರಗೆ ಚಪ್ಪಲಿ ಓಡಿದ ಸದ್ದು ಕೇಳಿತು. ಕೊನೆಗೆ ಬಾಗಿಲು ತೆಗೆದು ನನ್ನನ್ನು ಮನೆ ಮುಟ್ಟಿಸಿದವನು ಒಬ್ಬ ಲಾರಿ ಡ್ರೈವರ್. ಪರವೂರಿನವನು, ಪುಣ್ಯಕ್ಕೆ ಈ ಕಥೆ ಕೇಳಿರಲಿಲ್ಲ.

ಮೇಸ್ತ್ರಿ ಪೆಚ್ಚುಪೆಚ್ಚಾಗಿ ನಕ್ಕ. "ಅದು ನೀನೇ ಇರಬಹುದಮ್ಮ. ಆದ್ರೆ ಈ ಕಥೆ ನಮ್ಮಪ್ಪನ ಕಾಲದ್ದು. ಅವರೂ ಬಡಿಯೋದು ಕೇಳಿ ಓಡಿದ್ರಂತೆ."

"ಹಾಗಾದ್ರೆ ಆವತ್ತು ಒಳಗಿದ್ದೋಳು ಯಾರಣ್ಣ? ಅವಳಿಗೆ ಯಾರು ಬಾಗಿಲು ತೆಗೆದ್ರು?"

ನಾನು ಎದ್ದು ಆ ಬಾಗಿಲನ್ನು ಪೂರ್ತಿ ತೆರೆದೆ. ಹೊಸ್ತಿಲ ಮೇಲೆ ಪೆಟ್ಟಿಗೆಯೊಂದನ್ನು ಎಳೆದಿಟ್ಟು ಅದರ ಮೇಲೆ ಗಟ್ಟಿಯಾಗಿ ಕೂತೆ.

"ಒಳಗಡೆ ಹಿಡಿ ಹಾಕ್ಸೋವರೆಗೂ ಈ ಬಾಗಿಲು ಮುಚ್ಚಲ್ಲ."

"ಸೇಬೆಲ್ಲ ಕೊಳೆತುಹೋಗತ್ತಲ್ಲೇ! ಯಜಮಾನ್ರಿಗೆ ಏನಂತ ಹೇಳ್ಲಿ?"

"ದೆವ್ವ ಹೇಳ್ತು ಅನ್ನು."